‘ದುಡ್ಡನ್ನು ಎಣಿಸುತ್ತೇವಲ್ಲ, ಮನಿ ಏಕೆ ಅನ್‌ಕೌಂಟೆಬಲ್?’: ಒಂಬತ್ತನೆಯ ತರಗತಿಯ ಪ್ರಶ್ನೆಯ ಸುತ್ತ ಒಂದು ಚರ್ಚೆ

ಬಯಲುಸೀಮೆಯ ಟೀಚರ್:

ಎಲ್ಲರಿಗೂ ನಮಸ್ಕಾರ. ಕನ್ನಡ ಮಾಧ್ಯಮದ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೇನೆ. ಕಳೆದ ವಾರ ಒಂಬತ್ತನೆಯ ತರಗತಿಯಲ್ಲಿ ಕೌಂಟೆಬಲ್ ಮತ್ತು ಅನ್‌ಕೌಂಟೆಬಲ್ ನಾಮಪದಗಳ ಪಾಠ ಇತ್ತು. ನನ್ನ ಮೇಷ್ಟ್ರು ನನಗೆ ಹೇಳಿಕೊಟ್ಟಿದ್ದ ಸೂತ್ರವನ್ನೇ ಮಕ್ಕಳಿಗೂ ಒಪ್ಪಿಸಿದೆ: ಒಂದು, ಎರಡು ಎಂದು ಎಣಿಸಲು ಬಂದರೆ ಕೌಂಟೆಬಲ್, ಬಾರದಿದ್ದರೆ ಅನ್‌ಕೌಂಟೆಬಲ್. ಬುಕ್, ಪೆನ್, ಟ್ರೀ ಒಂದು ಸಾಲಿನಲ್ಲಿ. ವಾಟರ್, ಮಿಲ್ಕ್, ಸ್ಯಾಂಡ್ ಇನ್ನೊಂದು ಸಾಲಿನಲ್ಲಿ. ಎರಡನೆಯ ಸಾಲಿನ ಕೊನೆಗೆ ಮನಿ ಎಂದು ಬರೆಯುತ್ತಿದ್ದಂತೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಅವನ ತಂದೆ ಸಂತೆಯಲ್ಲಿ ತರಕಾರಿ ಮಾರುತ್ತಾರೆ. “ದಿನಾ ರಾತ್ರಿ ನಾನೇ ದುಡ್ಡು ಎಣಿಸಿ ಅಪ್ಪನ ಕೈಗೆ ಕೊಡ್ತೀನಿ ಮೇಡಂ, ಅದು ಹೆಂಗೆ ಎಣಿಸೋಕೆ ಬರಲ್ಲ?” ಎಂದ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ, ಆದರೆ ಉತ್ತರ ಹೊಳೆಯಲಿಲ್ಲ. ಮುಂದಿನ ಉದಾಹರಣೆ ಫರ್ನಿಚರ್ ಎಂದಿತ್ತು. ಕುರ್ಚಿ, ಮೇಜು, ಮಂಚಗಳನ್ನೂ ಎಣಿಸಬಹುದಲ್ಲ ಎಂದು ಅವನು ಕೇಳುವುದಕ್ಕೆ ಮೊದಲೇ ಗಂಟೆ ಹೊಡೆದು ನನ್ನನ್ನು ಕಾಪಾಡಿತು. ಸೋಮವಾರ ಅವನಿಗೆ ಉತ್ತರ ಕೊಡಬೇಕಾಗಿದೆ. ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕು.

ಕರಡು ತಿದ್ದುವವ:

ತಪ್ಪು ಹುಡುಗನದಲ್ಲ, ಸೂತ್ರದ್ದು. ಎಣಿಸಲು ಬರುತ್ತದೆಯೇ ಎಂದು ನಾವು ವಸ್ತುವನ್ನು ನೋಡಿ ಕೇಳುತ್ತೇವೆ, ಇಂಗ್ಲಿಷ್ ವ್ಯಾಕರಣ ಅದನ್ನು ಪದವನ್ನು ನೋಡಿ ಕೇಳುತ್ತದೆ. ನಿಮ್ಮ ವಿದ್ಯಾರ್ಥಿ ರಾತ್ರಿ ಎಣಿಸುವುದು ನೋಟುಗಳನ್ನು, ನಾಣ್ಯಗಳನ್ನು, ಒಟ್ಟಿನಲ್ಲಿ ರೂಪಾಯಿಗಳನ್ನು. ನೋಟ್, ಕಾಯಿನ್, ರುಪೀ ಎಂಬ ಮೂರು ಪದಗಳೂ ಕೌಂಟೆಬಲ್. ಮನಿ ಎಂಬುದು ಅವೆಲ್ಲವನ್ನೂ ಬಿಡಿಬಿಡಿಯಾಗಿ ನೋಡದೆ ಒಂದೇ ರಾಶಿಯಾಗಿ ಹಿಡಿದು ಹೇಳುವ ಪದವಾದ್ದರಿಂದ ಅದಕ್ಕೆ ಮೊದಲು ‘ಎ’ ಬರುವುದಿಲ್ಲ, ‘ತ್ರೀ’ ಬರುವುದಿಲ್ಲ, ಕೊನೆಗೆ ‘ಎಸ್’ ಹತ್ತುವುದಿಲ್ಲ, ಎಷ್ಟು ಎಂದು ಕೇಳುವಾಗ ‘ಹೌ ಮೆನಿ’ ಎನ್ನದೆ ‘ಹೌ ಮಚ್’ ಎನ್ನಬೇಕಾಗುತ್ತದೆ.

ಡೆನ್ಮಾರ್ಕಿನ ವ್ಯಾಕರಣಕಾರ ಒಟ್ಟೊ ಯೆಸ್ಪರ್ಸನ್ 20ನೆಯ ಶತಮಾನದ ಮೊದಲ ದಶಕಗಳಲ್ಲಿ ಇಂಥ ಪದಗಳಿಗೆ ಮಾಸ್-ವರ್ಡ್ ಎಂದು ಹೆಸರಿಟ್ಟ. ರಾಶಿಪದ ಎಂದು ನಾವು ಕರೆಯಬಹುದು. ಕಣದಲ್ಲಿ ರಾಶಿ ಮಾಡಿದ ಭತ್ತವನ್ನು ಯಾರೂ ಎಣಿಸುವುದಿಲ್ಲ, ಅಳೆಯುತ್ತಾರೆ. ಕಾಳು ಕಾಳಾಗಿ ಎಣಿಸಲು ಸಾಧ್ಯವಿಲ್ಲವೆಂದಲ್ಲ, ರಾಶಿ ಎಂದಮೇಲೆ ಕಾಳಿನ ಲೆಕ್ಕ ಬೇಕಿಲ್ಲವೆಂದು ಅಷ್ಟೇ.

ಯಾವುದು ರಾಶಿ, ಯಾವುದು ಬಿಡಿ ಎಂಬ ತೀರ್ಮಾನದಲ್ಲಿ ಇಂಗ್ಲಿಷಿಗೆ ಹೆಚ್ಚಿನ ತರ್ಕವಿಲ್ಲ ಎಂಬುದನ್ನೂ ಮಕ್ಕಳಿಗೆ ಬಚ್ಚಿಡಬಾರದು. ನಿಮ್ಮ ಅಡುಗೆಮನೆಯಲ್ಲೇ ನೋಡಿ. ಆನಿಯನ್ ಕೌಂಟೆಬಲ್, ಪಕ್ಕದ ಬುಟ್ಟಿಯ ಗಾರ್ಲಿಕ್ ಅನ್‌ಕೌಂಟೆಬಲ್. ವೀಟ್ ಎಂದರೆ ರಾಶಿ. ಓಟ್ಸ್ ಮಾತ್ರ ಯಾವಾಗಲೂ ಬಹುವಚನ. ಬೀನ್ಸ್ ಎಣಿಕೆಗೆ ಸಿಗುತ್ತವೆ, ರೈಸ್ ಸಿಗುವುದಿಲ್ಲ. ನೂಡಲ್ಸ್ ಬಹುವಚನ, ಅದೇ ಎಳೆಎಳೆಯಾದ ಸ್ಪಗೆಟಿ ಏಕವಚನದ ರಾಶಿ. ಗೋಧಿಯ ಕಾಳಿಗೂ ಓಟ್ಸ್ ಕಾಳಿಗೂ ಗಾತ್ರದಲ್ಲಿ ಅಂಥ ಅಂತರವೇನೂ ಇಲ್ಲ. ಅಂತರವಿರುವುದು ಪದಗಳ ನಡತೆಯಲ್ಲಿ ಮಾತ್ರ.

ನಾಣ್ಯದ ಹುಚ್ಚಿನವ:

ಮನಿ ಎಂಬ ಪದದ ಬಗ್ಗೆ ಒಂದು ಮಾತು ಸೇರಿಸಬೇಕೆನಿಸಿತು, ಏಕೆಂದರೆ ಹುಡುಗನ ಪ್ರಶ್ನೆಗೆ ಉತ್ತರ ಕನ್ನಡದೊಳಗೇ ಇದೆ. ಕನ್ನಡದಲ್ಲಿ ‘ಕೆಲವು ಪುಸ್ತಕ’ ಎನ್ನುತ್ತೇವೆ, ‘ಕೆಲವು ನೀರು’ ಎನ್ನುವುದಿಲ್ಲ. ‘ಕೆಲವು ಹಣ’ ಎಂದೂ ಯಾರೂ ಹೇಳುವುದಿಲ್ಲ. ‘ಸ್ವಲ್ಪ ಹಣ’ ಎನ್ನುತ್ತೇವೆ. ಅಂದರೆ ಇಂದಿನ ಕನ್ನಡದಲ್ಲೂ ಹಣ ರಾಶಿಪದವೇ.

ಆದರೆ ಅದು ಹಿಂದೆ ಹಾಗಿರಲಿಲ್ಲ. ಹಣ ಎಂಬುದು ಒಂದು ನಾಣ್ಯದ ಹೆಸರು. 1638ರಿಂದ 1659ರವರೆಗೆ ಮೈಸೂರನ್ನು ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರು ಹೊರಡಿಸಿದ ಪುಟ್ಟ ಚಿನ್ನದ ನಾಣ್ಯವೇ ಕಂಠೀರಾಯ ಹಣ. ಅಂಥ 10 ಹಣ ಸೇರಿದರೆ ಒಂದು ವರಹದ ಲೆಕ್ಕ. ಅಂದಿನವರಿಗೆ ‘ಮೂರು ಹಣ’, ‘ಐದು ಹಣ’ ಎನ್ನುವುದು ನಮಗೆ ‘ಮೂರು ರೂಪಾಯಿ’ ಎಂದಷ್ಟೇ ಸಹಜವಾಗಿತ್ತು. ದುಡ್ಡು ತಾಮ್ರದ ನಾಣ್ಯ, ಕಾಸು ಇನ್ನೂ ಚಿಕ್ಕದು. ‘ಮೂರು ಕಾಸಿಗೂ ಬಾಳದವನು’ ಎಂಬ ಬೈಗುಳದಲ್ಲಿ ಕಾಸು ಇಂದಿಗೂ ಎಣಿಕೆಗೆ ಸಿಗುತ್ತದೆ. ಆ ನಾಣ್ಯಗಳು ಚಲಾವಣೆ ಕಳೆದುಕೊಂಡ ಮೇಲೆ ಮೂರು ಹೆಸರುಗಳೂ ಬಿಡಿ ನಾಣ್ಯವನ್ನು ಬಿಟ್ಟು ಒಟ್ಟು ಸಂಪತ್ತನ್ನು ಸೂಚಿಸತೊಡಗಿದವು, ಎಣಿಕೆಯಿಂದ ಜಾರಿ ರಾಶಿಗೆ ಸೇರಿದವು. ವಸ್ತು ಬದಲಾಗದೆ ಪದದ ಜಾತಿ ಮಾತ್ರ ಬದಲಾಗಬಹುದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕೇ?

ಶಬ್ದಮೂಲ:

ಇಂಗ್ಲಿಷಿನಲ್ಲಿ ಇದರ ಉಲ್ಟಾ ಪಯಣವೂ ನಡೆದಿದೆ. ಬಟಾಣಿಗೆ ಹಿಂದೆ ಪೀಸ್ ಎಂಬ ಪದವಿತ್ತು. ಅಲ್ಲಿ ಕೊನೆಯ ಸಕಾರ ಬಹುವಚನದ್ದಲ್ಲ, ಪದದ್ದೇ ಅಂಗ. ಕೇಳಿದವರು ಅದನ್ನು ಬಹುವಚನವೆಂದು ಭ್ರಮಿಸಿದರು. 17ನೆಯ ಶತಮಾನದ ಹೊತ್ತಿಗೆ ಆ ಸಕಾರವನ್ನು ಕಿತ್ತು ‘ಪೀ’ ಎಂಬ ಹೊಸ ಏಕವಚನವನ್ನು ಸೃಷ್ಟಿಸಿದರು. ಫ್ರೆಂಚ್ ಮೂಲದಿಂದ ಬಂದ ಚೆರಿ ಹಣ್ಣಿನ ಹೆಸರಿಗೂ ಇದೇ ಗತಿಯಾಯಿತು. ರೈಸ್ ಎಂಬುದರ ಕೊನೆಯಲ್ಲೂ ಅಂಥದೇ ಸಕಾರವಿದ್ದರೂ ಯಾರೂ ‘ಒಂದು ರೈ’ ಎನ್ನಲು ಹೋಗಲಿಲ್ಲ.

ಜರ್ಮನಿಯಲ್ಲಿರುವ ಕನ್ನಡಿಗ:

ಇಲ್ಲಿಗೆ ಬಂದು ಜರ್ಮನ್ ಕಲಿಯುವವರೆಗೆ ಇನ್‌ಫರ್ಮೇಶನ್ ಎಂಬುದು ಲೋಕದ ನಿಯಮದಂತೆಯೇ ಎಣಿಕೆಗೆ ಸಿಗದ ವಸ್ತು ಎಂದು ನಂಬಿದ್ದೆ. ಇಲ್ಲಿನ ಕಚೇರಿ, ರೈಲು ನಿಲ್ದಾಣ, ಆಸ್ಪತ್ರೆ ಎಲ್ಲೆಡೆಯೂ ಕಾಣುವುದು ಇನ್‌ಫೊರ್ಮಾಟ್ಸಿಯೋನೆನ್ ಎಂಬ ನೇರ ಬಹುವಚನ. ಫರ್ನಿಚರಿಗೆ ಇವರ ಪದ ಮ್ಯೋಬೆಲ್, ಅದೂ ಬಹುವಚನ. ಮಕ್ಕಳ ಹೋಮ್‌ವರ್ಕನ್ನು ಹೌಸ್‌ಆಉಫ್‌ಗಾಬೆನ್ ಎನ್ನುತ್ತಾರೆ, ಅದೂ ಬಹುವಚನ. ಫ್ರೆಂಚರೂ ಇನ್‌ಫರ್ಮೇಶನ್ನಿಗೆ ಬಹುವಚನ ಹಚ್ಚುತ್ತಾರೆ. ಹಾಗೆಂದು ಇವರಿಗೆ ರಾಶಿಪದಗಳೇ ಇಲ್ಲವೆಂದಲ್ಲ. ಹಣ್ಣುಗಳಿಗೆ ಒಟ್ಟಾಗಿ ಹೇಳುವ ಓಬ್ಸ್ಟ್ ಎಂಬ ಪದ ಪಕ್ಕಾ ರಾಶಿ. ಸೇಬು ಬಾಳೆ ಎಷ್ಟೇ ಇರಲಿ, ಅದು ಏಕವಚನದಲ್ಲೇ ನಿಲ್ಲುತ್ತದೆ. ಅದೇ ಕುರ್ಚಿ, ಅದೇ ಮಂಚ, ಗಡಿ ದಾಟಿದರೆ ಬೇರೆ ವ್ಯಾಕರಣ.

ಕನ್ನಡದಿಂದ ಹೋಗುವವರಿಗೆ ಇರುವ ತೊಡಕೂ ಇದೇ. ಸಲಹೆಗಳು, ಸುದ್ದಿಗಳು, ಸಾಕ್ಷ್ಯಗಳು, ಉಪಕರಣಗಳು, ಒಡವೆಗಳು, ಪೀಠೋಪಕರಣಗಳು ಎಂದು ಕನ್ನಡದಲ್ಲಿ ನಿರಾತಂಕವಾಗಿ ಬರೆಯುತ್ತೇವೆ. ಆ ಅಭ್ಯಾಸದಲ್ಲೇ ಅಡ್ವೈಸಸ್, ಎವಿಡೆನ್ಸಸ್, ಎಕ್ವಿಪ್‌ಮೆಂಟ್ಸ್, ಫರ್ನಿಚರ್ಸ್ ಎಂದು ಬರೆದುಬಿಡುತ್ತೇವೆ. ನನ್ನ ಮೊದಲ ಕೆಲಸದ ಅರ್ಜಿಯಲ್ಲಿ ‘ಐ ಹ್ಯಾವ್ ಡನ್ ಮೆನಿ ರಿಸರ್ಚಸ್’ ಎಂದು ಬರೆದಿದ್ದೆ. ಸಂದರ್ಶನಕ್ಕೆ ಕರೆದರು ಎಂಬುದು ಬೇರೆ ಮಾತು.

ಹಳ್ಳಿಹೈದ:

ಎಲ್ಲವನ್ನೂ ಓದಿದೆ. ತರ್ಕವಿಲ್ಲ ಎಂದಾದಮೇಲೆ ಪಟ್ಟಿಯನ್ನು ಬಾಯಿಪಾಠ ಮಾಡುವುದೊಂದೇ ದಾರಿ ಎಂದಾಯಿತಲ್ಲ? ಹಾಗಿದ್ದರೆ ಇಷ್ಟು ಚರ್ಚೆ ಏಕೆ? ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮ್ಮಂಥವರಿಗೆ ಮೆಟೀರಿಯಲ್ ನೌನ್ ಮತ್ತು ಆ್ಯಬ್‌ಸ್ಟ್ರಾಕ್ಟ್ ನೌನ್‌ಗಳೆಲ್ಲ ಅನ್‌ಕೌಂಟೆಬಲ್ ಎಂಬ ಕೋಚಿಂಗ್ ಸೂತ್ರವೇ ಸಾಕು ಎನಿಸುತ್ತದೆ.

ಕರಡು ತಿದ್ದುವವ:

ಆ ಸೂತ್ರ ನಿಮ್ಮನ್ನು ಪರೀಕ್ಷೆಯಲ್ಲೇ ಕೈಬಿಡುತ್ತದೆ. ಐಡಿಯಾ, ಪ್ರಾಬ್ಲಮ್, ಪ್ರಾಮಿಸ್, ಡ್ರೀಮ್ ಇವೆಲ್ಲ ಕೈಗೆ ಸಿಗದ ಭಾವಗಳು, ಆದರೂ ಕೌಂಟೆಬಲ್. ಲಗೇಜ್ ಕಾಲಿನ ಮೇಲೆ ಬಿದ್ದರೆ ಬೆರಳು ಜಜ್ಜುವಷ್ಟು ಗಟ್ಟಿ, ಆದರೂ ಅನ್‌ಕೌಂಟೆಬಲ್. ಭಾವವೋ ದ್ರವ್ಯವೋ ಎಂಬ ವಿಂಗಡಣೆಯೇ ಬೇರೆ, ಇದೇ ಬೇರೆ.

ಆದರೆ ಪೂರ್ತಿ ಬಾಯಿಪಾಠವೂ ಬೇಕಿಲ್ಲ, ಏಕೆಂದರೆ ತರ್ಕವಿಲ್ಲದ ಕಡೆಯಲ್ಲೂ ಜಾಡು ಇರುತ್ತದೆ. ಬೇರೆಬೇರೆ ಜಾತಿಯ ಬಿಡಿ ವಸ್ತುಗಳನ್ನು ಒಂದೇ ಉಪಯೋಗದ ಮೇಲೆ ಗುಂಪು ಹಾಕಿ ಹೇಳುವ ಒಟ್ಟುಹೆಸರುಗಳು ಇಂಗ್ಲಿಷಿನಲ್ಲಿ ಬಹುಮಟ್ಟಿಗೆ ರಾಶಿಪದಗಳಾಗಿರುತ್ತವೆ. ಕುರ್ಚಿ ಮಂಚಗಳಿಗೆ ಫರ್ನಿಚರ್, ಬಳೆ ಸರಗಳಿಗೆ ಜ್ಯುವೆಲ್ರಿ, ಪೆಟ್ಟಿಗೆ ಚೀಲಗಳಿಗೆ ಲಗೇಜ್, ಪೆನ್ನು ಕಾಗದಗಳಿಗೆ ಸ್ಟೇಷನರಿ, ಚಮಚ ಚಾಕುಗಳಿಗೆ ಕಟ್ಲರಿ, ಯಂತ್ರಗಳಿಗೆ ಮೆಷಿನರಿ. ‘ವೇರ್’ ಎಂದು ಮುಗಿಯುವ ಸಾಫ್ಟ್‌ವೇರ್, ಹಾರ್ಡ್‌ವೇರ್‌ಗಳಿಗೂ ಇದೇ ನಡತೆ. ಬೆಂಗಳೂರಿನ ಅರ್ಧ ಊರು ಸಾಫ್ಟ್‌ವೇರ್ಸ್ ಎನ್ನುತ್ತದೆ ಎಂಬುದು ನನಗೂ ಗೊತ್ತು. ಗುಂಪಿನೊಳಗಿನ ಬಿಡಿ ಹೆಸರುಗಳು, ಅಂದರೆ ಚೇರ್, ಬ್ಯಾಂಗಲ್, ಬ್ಯಾಗ್, ಸ್ಪೂನ್, ಮೆಷಿನ್ ಎಲ್ಲವೂ ಕೌಂಟೆಬಲ್ ಆಗಿಯೇ ಉಳಿಯುತ್ತವೆ. ಆದರೆ ವೆಜಿಟೆಬಲ್ ಒಟ್ಟುಹೆಸರಾದರೂ ಕೌಂಟೆಬಲ್, ಟೂಲ್ ಕೂಡ ಹಾಗೆಯೇ. ಜಾಡನ್ನು ಜಾಡೆಂದೇ ನಂಬಬೇಕು, ಡಾಂಬರು ರಸ್ತೆ ಎಂದಲ್ಲ.

ಉಳಿದ ಅನುಮಾನಗಳಿಗೆ ಕಲಿಯುವವರ ನಿಘಂಟು ಇದೆ. ಹಾರ್ನ್‌ಬಿ ಎಂಬ ಇಂಗ್ಲಿಷ್ ಅಧ್ಯಾಪಕ ಜಪಾನಿನಲ್ಲಿ ಪಾಠ ಹೇಳುತ್ತ ಸಂಪಾದಿಸಿ, 1942ರಲ್ಲಿ ಟೋಕಿಯೊದಲ್ಲಿ ಮೊದಲು ಅಚ್ಚಾದ ನಿಘಂಟೇ ಇಂದಿನ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ನಿಘಂಟಿನ ಮೂಲ. ಇಂಥ ನಿಘಂಟುಗಳಲ್ಲಿ ನಾಮಪದಗಳ ಅರ್ಥಗಳ ಮುಂದೆ ಸಾಮಾನ್ಯವಾಗಿ ಸಿ (ಕೌಂಟೆಬಲ್) ಅಥವಾ ಯು (ಅನ್‌ಕೌಂಟೆಬಲ್) ಎಂಬಂಥ ಗುರುತು ಇರುತ್ತದೆ. ಪದಕ್ಕೆ ಒಂದೇ ಗುರುತಲ್ಲ, ಅರ್ಥಕ್ಕೊಂದು ಗುರುತು ಎಂಬುದನ್ನು ಗಮನಿಸಬೇಕು. ಗೈಡುಗಳಲ್ಲಿ ಬರುವ ಪಟ್ಟಿಗಳು ಮುಚ್ಚಿಡುವುದು ಅದನ್ನೇ.

ಇನ್ನು ಇದನ್ನೆಲ್ಲ ಕಲಿಯುವುದೇಕೆ ಎಂದಿರಿ. ನಾನು ತಿದ್ದುವ ಕರಡುಗಳಲ್ಲಿ ಫರ್ನಿಚರ್ಸ್ ಎಂಬ ತಪ್ಪು ವಾರಕ್ಕೊಮ್ಮೆ ಸಿಕ್ಕರೆ, ‘ಐ ಬಾಟ್ ಬುಕ್’, ‘ಮೈ ಸಿಸ್ಟರ್ ಈಸ್ ಟೀಚರ್’ ಎಂಬ ಜಾತಿಯ ತಪ್ಪು ಪುಟಕ್ಕೊಂದು ಸಿಗುತ್ತದೆ. ಏಕವಚನದ ಕೌಂಟೆಬಲ್ ಪದ ಇಂಗ್ಲಿಷ್ ವಾಕ್ಯದಲ್ಲಿ ಸಾಮಾನ್ಯವಾಗಿ ಬರಿಮೈಯಲ್ಲಿ ನಿಲ್ಲುವಂತಿಲ್ಲ. ‘ಎ’, ‘ದಿ’, ‘ಮೈ’, ‘ದಿಸ್’, ‘ಎವ್ರಿ’ ಇವುಗಳಲ್ಲಿ ಒಂದಾದರೂ ಅದರ ಮುಂದೆ ನಿಲ್ಲಬೇಕು. ರಾಶಿಪದಕ್ಕೆ ಆ ಕಟ್ಟುಪಾಡಿಲ್ಲ, ‘ಐ ಬಾಟ್ ರೈಸ್’ ಎಂದರೆ ಸಂಪೂರ್ಣ ಸರಿ. ಆರ್ಟಿಕಲ್ ಎಂಬ ಪರಿಕಲ್ಪನೆಯೇ ಇಲ್ಲದ ಕನ್ನಡದಿಂದ ಬರುವವರಿಗೆ, ಪದ ಯಾವ ಜಾತಿಯದು ಎಂದು ತಿಳಿಯದೆ ಆರ್ಟಿಕಲ್ ಪಾಠ ಅರ್ಥವಾಗುವುದೇ ಇಲ್ಲ. ಶಾಲೆಗಳಲ್ಲಿ ಎರಡನ್ನೂ ಬೇರೆಬೇರೆ ಪಾಠವಾಗಿ, ಕೆಲವೊಮ್ಮೆ ಬೇರೆಬೇರೆ ತರಗತಿಯಲ್ಲಿ ಇಡುವುದು ದೊಡ್ಡ ಅವಿವೇಕ ಎಂದು ನನ್ನ ಅಭಿಪ್ರಾಯ.

ಹಳ್ಳಿಹೈದ:

ಬರಿಮೈಯ ಮಾತು ನಾಟಿತು. ಲೆಸ್ ಮತ್ತು ಫ್ಯೂಅರ್ ಎಂಬ ಗೊಂದಲವೂ ಇದರದೇ ಸಂತಾನವೇ?

ಶಬ್ದಮೂಲ:

ಹೌದು. ಬಿಡಿಗಳಿಗೆ ಫ್ಯೂಅರ್, ರಾಶಿಗೆ ಲೆಸ್ ಎಂಬ ಕಟ್ಟಳೆ ಆಡುಮಾತಿನಿಂದ ಹುಟ್ಟಿದ್ದಲ್ಲ. 1770ರಲ್ಲಿ ರಾಬರ್ಟ್ ಬೇಕರ್ ಎಂಬಾತ ತನ್ನ ಪುಸ್ತಕದಲ್ಲಿ ಫ್ಯೂಅರ್ ಎನ್ನುವುದು ಹೆಚ್ಚು ಸೊಗಸು ಎಂದು ಬರೆದದ್ದು ಮುಂದೆ ನಿಯಮವಾಗಿ ಬೆಳೆಯಿತು. ಅದಕ್ಕೂ ಹಲವು ಶತಮಾನ ಮೊದಲಿನಿಂದ ಬಿಡಿಗಳಿಗೂ ಲೆಸ್ ಬಳಸುತ್ತಿದ್ದರು. ಪರೀಕ್ಷೆಯಲ್ಲಿ ಫ್ಯೂಅರ್ ಬರೆಯಿರಿ, ಅಂಗಡಿಯ ಫಲಕದಲ್ಲಿ ಲೆಸ್ ಕಂಡರೆ ಜಗಳಕ್ಕೆ ನಿಲ್ಲಬೇಡಿ.

ನಿವೃತ್ತ ಮೇಷ್ಟ್ರು:

ಮೂವತ್ತು ವರ್ಷ ಕೈಯಲ್ಲಿ ಹಿಡಿದು ಬರೆದ ವಸ್ತುವೊಂದನ್ನು ನಾನು ಈ ಚರ್ಚೆಗೆ ತರುತ್ತೇನೆ. ಇಂಗ್ಲಿಷಿನಲ್ಲಿ ಚಾಕ್ ಅನ್‌ಕೌಂಟೆಬಲ್. ಒಂದು ತುಂಡು ಬೇಕಿದ್ದರೆ ‘ಎ ಪೀಸ್ ಆಫ್ ಚಾಕ್’ ಎಂದು ಕೇಳಬೇಕು. ನಮ್ಮ ಶಾಲೆಗಳು ಆ ತುಂಡನ್ನೇ ಪದದೊಳಗೆ ಸೇರಿಸಿ ಚಾಕ್‌ಪೀಸ್ ಎಂಬ ಪದವನ್ನು ಬಳಕೆಗೆ ತಂದುಕೊಂಡವು. “ಹೋಗಿ ಆಫೀಸಿನಿಂದ ಎರಡು ಚಾಕ್‌ಪೀಸ್ ತಗೊಂಡು ಬಾ” ಎಂದಾಗ ಹುಡುಗ ತನಗೆ ತಿಳಿಯದಂತೆಯೇ ರಾಶಿಪದವನ್ನು ಎಣಿಕೆಗೆ ತರುವ ಉಪಾಯವನ್ನು ಸರಿಯಾಗಿ ಪ್ರಯೋಗಿಸಿರುತ್ತಾನೆ. ಟೀಚರ್ ಅವರು ತರಗತಿಯಲ್ಲಿ ಒಂದು ಚಾಕ್‌ಪೀಸನ್ನು ಎರಡಾಗಿ ಮುರಿದು ತೋರಿಸಲಿ. ಎರಡು ಪೀಸ್ ಆಯಿತು, ಚಾಕ್ ಮಾತ್ರ ಅಷ್ಟೇ ಉಳಿಯಿತು. ಪೆನ್ನನ್ನು ಮುರಿದರೆ ಎರಡು ಪೆನ್ನು ಆಗುವುದಿಲ್ಲ, ಒಂದು ಪೆನ್ನು ಹಾಳಾಗುತ್ತದೆ. ಫರ್ನಿಚರಿಗೆ ಈ ಮುರಿಯುವ ಪರೀಕ್ಷೆ ಒಗ್ಗುವುದಿಲ್ಲ, ಆದ್ದರಿಂದ ಮಂಚಕ್ಕೆ ಕೈಹಾಕುವುದು ಬೇಡ.

ತುಂಡಿನ ಹೆಸರುಗಳನ್ನು ಕಲಿಸುವಾಗ ಕನ್ನಡದಿಂದಲೇ ಹೊರಡುವುದು ಲೇಸು, ಏಕೆಂದರೆ ಈ ಸಂಪತ್ತಿನಲ್ಲಿ ನಾವು ಬಡವರಲ್ಲ. ಒಂದು ಹಿಡಿ ಅಕ್ಕಿ, ಒಂದು ತುತ್ತು ಅನ್ನ, ಒಂದು ಚಿಟಿಕೆ ಅರಿಶಿನ, ಒಂದು ಎಸಳು ಬೆಳ್ಳುಳ್ಳಿ, ಒಂದು ಕಟ್ಟು ಸೊಪ್ಪು, ಒಂದು ತಂಬಿಗೆ ನೀರು. ಬೆಳ್ಳುಳ್ಳಿಯ ಎಸಳಿಗೆ ಇಂಗ್ಲಿಷಿನವರು ಕ್ಲೋವ್ ಎನ್ನುತ್ತಾರೆ, ಚಿಟಿಕೆಗೆ ಪಿಂಚ್, ಹುಲ್ಲಿನ ಎಸಳಿಗೆ ಬ್ಲೇಡ್, ಬ್ರೆಡ್ಡಿನ ದಿಂಡಿಗೆ ಲೋಫ್, ಸಾಬೂನಿಗೆ ಬಾರ್. ಹೂವನ್ನು ಬಿಡಿಬಿಡಿಯಾಗಿ ಎಣಿಸಬಹುದಾದರೂ ಮಾರುಕಟ್ಟೆಯಲ್ಲಿ ಕಟ್ಟಿದ ಮಲ್ಲಿಗೆಯನ್ನು ನಾವು ಮೊಳದ ಲೆಕ್ಕದಲ್ಲಿ ಕೊಳ್ಳುತ್ತೇವೆ. ಅಲ್ಲಿ ನಾವೇ ಬಿಡಿಯನ್ನು ರಾಶಿ ಮಾಡಿಕೊಂಡಿದ್ದೇವೆ. ಭಾವಪದಗಳಿಗೆ ಮಾತ್ರ ಈ ದಾರಿ ಒರಟು. ‘ಎ ಪೀಸ್ ಆಫ್ ಅಡ್ವೈಸ್’ ಎಂಬುದನ್ನು ‘ಒಂದು ತುಂಡು ಸಲಹೆ’ ಎಂದು ಹೇಳಿಕೊಟ್ಟಾಗ ಮಕ್ಕಳು ನಗುತ್ತಿದ್ದರು, ಆ ನಗುವಿನಿಂದಲೇ ನೆನಪೂ ಇಟ್ಟುಕೊಳ್ಳುತ್ತಿದ್ದರು.

ಮೌನಿ ಓದುಗಿ:

ಈ ವೇದಿಕೆಯಲ್ಲಿ ಮೊದಲ ಬಾರಿ ಬರೆಯುತ್ತಿದ್ದೇನೆ. ತಪ್ಪುಗಳೆಲ್ಲ ಕನ್ನಡದಿಂದ ಬರುತ್ತವೆ ಎಂಬ ಮಾತನ್ನು ಸ್ವಲ್ಪ ಸಡಿಲಿಸಬೇಕೆನಿಸುತ್ತದೆ. ‘ಮೈ ಹೇರ್ಸ್ ಆರ್ ಫಾಲಿಂಗ್’ ಎಂದು ನಾನೇ ಎಷ್ಟೋ ಸಲ ಹೇಳಿದ್ದೇನೆ. ಕನ್ನಡದಲ್ಲಿ ‘ನನ್ನ ಕೂದಲು ಉದುರುತ್ತಿದೆ’ ಎನ್ನುತ್ತೇವೆಯೇ ಹೊರತು ‘ಕೂದಲುಗಳು ಉದುರುತ್ತಿವೆ’ ಎಂದು ಯಾರೂ ಮಾತಾಡುವುದಿಲ್ಲ. ಇಲ್ಲಿ ಕನ್ನಡವನ್ನು ಹಾಗೆಯೇ ಇಂಗ್ಲಿಷಿಗಿಟ್ಟಿದ್ದರೆ ‘ಮೈ ಹೇರ್ ಈಸ್ ಫಾಲಿಂಗ್’ ಎಂದು ವ್ಯಾಕರಣ ಸರಿಯಾಗಿಯೇ ಬರುತ್ತಿತ್ತು. ಇಂಗ್ಲಿಷ್ ಎಂದರೆ ಎಸ್ ಹಚ್ಚಬೇಕು ಎಂಬ ಭಯವೇ ನನ್ನಿಂದ ಆ ತಪ್ಪು ಮಾಡಿಸಿತು. ಸಾರಿನಲ್ಲಿ ಎರಡು ಕೂದಲು ಸಿಕ್ಕರೆ ಮಾತ್ರ ‘ಟೂ ಹೇರ್ಸ್’ ಎನ್ನಬಹುದಂತೆ. ಆಗ ಅವು ಕೇಶರಾಶಿಯ ಭಾಗವಲ್ಲ, ತಕರಾರಿನ ವಸ್ತು.

ಬಯಲುಸೀಮೆಯ ಟೀಚರ್:

ಎಲ್ಲರಿಗೂ ಕೃತಜ್ಞಳು. ಸೋಮವಾರ ಕಂಠೀರಾಯ ಹಣದ ಕತೆ ಹೇಳಿದೆ, ಚಾಕ್‌ಪೀಸನ್ನೂ ಮುರಿದೆ. ಸಂತೆಯ ಹುಡುಗ ಒಪ್ಪಿದ. “ಹಂಗಾದ್ರೆ ರುಪೀಸ್ ಎಣಿಸ್ತೀನಿ, ಮನಿ ಎಣಿಸಲ್ಲ” ಎಂದ. ಆದರೆ ಈಗ ಬೇರೊಂದು ಸಿಕ್ಕು. ಘಟಕ ಪರೀಕ್ಷೆಗೆಂದು ಗೈಡೊಂದರಿಂದ ಆರಿಸಿದ ಪ್ರಶ್ನೆ ಹೀಗಿದೆ: ‘ಕೆಳಗಿನವುಗಳಲ್ಲಿ ಅನ್‌ಕೌಂಟೆಬಲ್ ನಾಮಪದ ಯಾವುದು? ಗ್ಲಾಸ್, ಚಿಕನ್, ಪೇಪರ್, ಅಡ್ವೈಸ್.’ ಉತ್ತರ ಅಡ್ವೈಸ್ ಎಂದು ಕೊಟ್ಟಿದ್ದಾರೆ. ನಿಮ್ಮೆಲ್ಲರ ಮಾತು ಓದಿದ ಮೇಲೆ ಪ್ರಶ್ನೆಯೇ ಸರಿಯಿಲ್ಲ ಎನಿಸುತ್ತಿದೆ.

ಶಬ್ದಮೂಲ:

ನಿಮ್ಮ ಅನಿಸಿಕೆ ಸರಿ. ಕುಡಿಯುವ ಲೋಟವಾದರೆ ‘ಎ ಗ್ಲಾಸ್’, ಕಿಟಕಿಯ ಗಾಜಾದರೆ ಬರೀ ‘ಗ್ಲಾಸ್’. ಓದುವ ಪತ್ರಿಕೆಯಾದರೆ ‘ಎ ಪೇಪರ್’, ಬರೆಯುವ ಕಾಗದವಾದರೆ ‘ಪೇಪರ್’. ಅಂಗಳದಲ್ಲಿ ಕೆದಕುವುದು ‘ಎ ಚಿಕನ್’, ತಟ್ಟೆಯಲ್ಲಿರುವುದು ‘ಚಿಕನ್’. ಈ ಕೊನೆಯ ಬದಲಾವಣೆಗೆ ತತ್ತ್ವಶಾಸ್ತ್ರಜ್ಞರು ಒಂದು ತಮಾಷೆಯ ಹೆಸರು ಕೊಟ್ಟಿದ್ದಾರೆ. ಡೇವಿಡ್ ಲೂಯಿಸ್ ಸೂಚಿಸಿ, ಪೆಲ್ಟಿಯರ್ 1975ರ ಲೇಖನವೊಂದರಲ್ಲಿ ಬಳಸಿದ ಆ ಹೆಸರು ಯೂನಿವರ್ಸಲ್ ಗ್ರೈಂಡರ್. ಯಾವ ಎಣಿಕೆಯ ವಸ್ತುವನ್ನಾದರೂ ಅದರ ಬಾಯಿಗೆ ಹಾಕಿ ಬೀಸಿದರೆ ಇನ್ನೊಂದು ಕಡೆಯಿಂದ ರಾಶಿ ಹೊರಬರುತ್ತದೆ. ಉಲ್ಟಾ ದಾರಿಯೂ ಇದೆ: ಕಾಫಿ ರಾಶಿಪದ, ಆದರೆ ಹೋಟೆಲಿನಲ್ಲಿ ‘ಟೂ ಕಾಫೀಸ್’ ಎಂದರೆ ಎರಡು ಲೋಟವೆಂದು ಎಲ್ಲರಿಗೂ ತಿಳಿಯುತ್ತದೆ. ವಾಕ್ಯವಿಲ್ಲದೆ ಪದವನ್ನಷ್ಟೇ ಮುಂದಿಟ್ಟು ಅದರ ಜಾತಿ ಕೇಳಿದರೆ ಜಾಣ ವಿದ್ಯಾರ್ಥಿಗೇ ಮೊದಲು ಅನ್ಯಾಯವಾಗುತ್ತದೆ.

ಹಳ್ಳಿಹೈದ:

ಬಸ್ಸಿನಲ್ಲಿ ‘ನೋ ರೂಮ್’ ಎಂದರೆ ಜಾಗವಿಲ್ಲ, ಲಾಡ್ಜಿನಲ್ಲಿ ‘ನೋ ರೂಮ್ಸ್’ ಎಂದರೆ ಕೋಣೆಗಳಿಲ್ಲ. ಇಷ್ಟು ದಿನ ಎರಡೂ ಒಂದೇ ಎಂದುಕೊಂಡಿದ್ದೆ.

ಬಯಲುಸೀಮೆಯ ಟೀಚರ್:

ಪ್ರಶ್ನೆಯನ್ನು ಹೀಗೆ ಬದಲಾಯಿಸಿದ್ದೇನೆ, ಲೋಪವಿದ್ದರೆ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗುವುದರೊಳಗೆ ತಿಳಿಸಿ. ‘ಗೆರೆ ಎಳೆದ ಪದಗಳಲ್ಲಿ ಅಗತ್ಯವಿರುವ ಕಡೆ ಮಾತ್ರ “ಎ” ಸೇರಿಸಿ ವಾಕ್ಯವನ್ನು ಮತ್ತೆ ಬರೆಯಿರಿ: ದೇರ್ ಈಸ್ ಚಿಕನ್ ಇನ್ ದಿ ಕರಿ. ದೇರ್ ಈಸ್ ಚಿಕನ್ ಆನ್ ದಿ ರೂಫ್.’